ಅದ್ಭುತ ಕಥೆಗಳ ಶೋಧ: ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಗ್ರಂಥಾಲಯ ವಾಚಕರಿಗೊಂದು ವಿವರಣೆ

1

ಕೆಲವು ವರ್ಷಗಳ ಹಿಂದೆ ಈ ಸೀಮೆಯ ಒಂದು ಊರಿನ ವಾಚನಾಲಯದಲ್ಲಿ ಕುಳಿತಿದ್ದಾಗ ಕಣ್ಣಮುಂದೆ ನಡೆದ ಒಂದು ಚಿಕ್ಕ ಸಂಗತಿಯೇ ಪ್ರಸ್ತುತ ಲೇಖನಕ್ಕೆ ಪ್ರೇರಣೆ. ಹದಿಮೂರು ಹದಿನಾಲ್ಕು ವರ್ಷದ ವಿದ್ಯಾರ್ಥಿನಿಯೊಬ್ಬಳು ಬಂದು, “ಸಾರ್, ಮಾಯಾಮಂತ್ರದ ಕಥೆಪುಸ್ತಕ ಇದೆಯಾ? ದಪ್ಪನೆಯದು ಬೇಕು” ಎಂದು ಕೇಳಿದಳು. ಮೇಲ್ವಿಚಾರಕರು ಮಕ್ಕಳ ಪುಸ್ತಕಗಳ ಕಪಾಟನ್ನು ತೋರಿಸಿದರು. ಅವಳು ನಾಲ್ಕಾರು ಪುಸ್ತಕಗಳನ್ನು ತಿರುವಿಹಾಕಿ, “ಇವೆಲ್ಲ ಚಿಕ್ಕ ಮಕ್ಕಳವು” ಎಂದಳು. “ಹಾಗಾದರೆ ಅಂಥದ್ದು ನಮ್ಮಲ್ಲಿ ಇಲ್ಲಮ್ಮ” ಎಂಬ ಉತ್ತರ ಬಂದಿತು. ಅವಳು ಬರಿಗೈಯಲ್ಲಿ ಹಿಂದಿರುಗಿದಳು.

ಅವಳು ನಿಂತಿದ್ದ ಸ್ಥಳದಿಂದ ಎರಡು ಮಾರು ದೂರದ ಬೀರುವಿನಲ್ಲಿ ಗದ್ಯಾನುವಾದ ಸಹಿತವಾದ ‘ಜೈಮಿನಿ ಭಾರತ’ವಿತ್ತು, ಮತ್ತೊಂದು ಕಡೆ ಎ. ಆರ್. ಕೃಷ್ಣಶಾಸ್ತ್ರಿಗಳ ‘ಕಥಾಮೃತ’ವಿತ್ತು; ನಾಟಕಗಳ ಸಾಲಿನಲ್ಲಿ ‘ಹಯವದನ’ವಿತ್ತು. ಮೇಲ್ವಿಚಾರಕರು ಸುಳ್ಳಾಡಿದರೆಂದು ಹೇಳುವಂತಿಲ್ಲ. ಆ ಬಾಲೆ ಕೇಳಿದ ಹೆಸರಿನ ಕಪಾಟು ಅಲ್ಲಿ ನಿಜವಾಗಿಯೂ ಇರಲಿಲ್ಲ. ಆದರೆ ಆ ಹೆಸರಿಗೆ ಸಲ್ಲತಕ್ಕ ಪುಸ್ತಕಗಳು ಇದ್ದುವು. ಕನ್ನಡದ ಅದ್ಭುತ ಕಥೆಗಳು ನಮ್ಮ ಗ್ರಂಥಾಲಯಗಳಲ್ಲಿ ಇಲ್ಲದೆ ಹೋಗಿಲ್ಲ. ಅವು ಬೇರೆ ಬೇರೆ ಹೆಸರುಗಳ ಅಡಿಯಲ್ಲಿ ಚದುರಿಹೋಗಿವೆ. ಈ ಚದುರುವಿಕೆಗೆ ಕಾರಣವೇನು, ಅದನ್ನು ತಿಳಿದ ವಾಚಕನು ತನಗೆ ಬೇಕಾದುದನ್ನು ಹೇಗೆ ಹುಡುಕಿಕೊಳ್ಳಬಹುದು, ದೊರೆತುದರಲ್ಲಿ ಒಳ್ಳೆಯದನ್ನು ಹೇಗೆ ಆರಿಸಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

2

ಮೊದಲು ಹೆಸರಿನ ವಿಚಾರ. ಇಂಗ್ಲಿಷಿನಲ್ಲಿ ಫ್ಯಾಂಟಸಿ ಎಂದು ಕರೆಯಲ್ಪಡುವ ಕಥಾಪ್ರಕಾರಕ್ಕೆ ಕನ್ನಡದಲ್ಲಿ ಎಲ್ಲರೂ ಒಪ್ಪಿದ ಒಂದು ಹೆಸರಿಲ್ಲ. ಕಲ್ಪನಾಸಾಹಿತ್ಯ, ಮಾಯಾಕಥೆ, ಅದ್ಭುತ ಕಥೆ ಎಂದು ಹಲವು ಬಗೆಯಾಗಿ ಹೇಳುವುದುಂಟು. ಇವುಗಳಲ್ಲಿ ‘ಅದ್ಭುತ’ ಎಂಬುದೇ ನಮಗೆ ಹೆಚ್ಚು ಉಚಿತವಾಗಿ ತೋರುತ್ತದೆ. ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಹೇಳಿದ ಎಂಟು ರಸಗಳಲ್ಲಿ ಅದ್ಭುತವೂ ಒಂದು. ಅದರ ಸ್ಥಾಯಿಭಾವ ವಿಸ್ಮಯ. ಲೋಕದಲ್ಲಿ ನಡೆಯಲಾರದುದು ಕಥೆಯಲ್ಲಿ ನಡೆದು, ಅದರಿಂದ ವಿಸ್ಮಯವು ಹುಟ್ಟಿ, ಆ ವಿಸ್ಮಯವೇ ಕಥೆಯನ್ನು ನಡೆಸುವುದಾದರೆ ಅದನ್ನು ಅದ್ಭುತ ಕಥೆ ಎನ್ನಬಹುದು.

ಇಂಗ್ಲಿಷಿನಲ್ಲಿಯೂ ಈ ಪ್ರಕಾರಕ್ಕೆ ಪ್ರತ್ಯೇಕವಾದ ಕಪಾಟು ದೊರೆತುದು ತೀರ ಹಿಂದಿನ ಮಾತಲ್ಲ. ಟೋಲ್ಕಿನ್ನನ ‘ದಿ ಹಾಬಿಟ್’ 1937ರಲ್ಲಿಯೂ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ 1954–55ರಲ್ಲಿಯೂ ಪ್ರಕಟವಾದುವು. ಎರಡನೆಯದರ ಅಗ್ಗದ ಆವೃತ್ತಿಗಳು 1965ರಲ್ಲಿ ಅಮೆರಿಕದಲ್ಲಿ ಹೊರಬಂದು ಅಪಾರವಾಗಿ ಮಾರಾಟವಾದ ಮೇಲೆ, ಅಲ್ಲಿನ ಬ್ಯಾಲಂಟೈನ್ ಪ್ರಕಾಶನವು 1969ರಲ್ಲಿ ಪ್ರೌಢ ವಾಚಕರಿಗಾಗಿಯೇ ಒಂದು ಫ್ಯಾಂಟಸಿ ಮಾಲೆಯನ್ನು ಆರಂಭಿಸಿತು. ಪುಸ್ತಕದ ಅಂಗಡಿಗಳಲ್ಲಿ ಆ ಹೆಸರಿನ ಸಾಲುಗಳು ನೆಲೆಗೊಂಡುದು ಆ ಕಾಲದಿಂದ ಈಚೆಗೆ. ಅಂದರೆ ಇದು ಬಹುಮಟ್ಟಿಗೆ ವ್ಯಾಪಾರದ ವಿಂಗಡಣೆ. ಕನ್ನಡ ಪ್ರಕಾಶನದಲ್ಲಿ ಅಂಥ ವಿಂಗಡಣೆ ಬಲವಾಗಿ ಬೆಳೆಯಲಿಲ್ಲ. ಆಧುನಿಕ ಕನ್ನಡ ಸಣ್ಣಕಥೆಯು ಬೆಳೆದುದೂ ಮುಖ್ಯವಾಗಿ ಲೋಕಸಹಜವಾದ ಜೀವನಚಿತ್ರಣದ ಹಾದಿಯಲ್ಲಿ. ಅಜ್ಜಂಪುರದ ಹೆಸರನ್ನು ತಮ್ಮ ಹೆಸರಿನೊಡನೆ ಧರಿಸಿದ್ದ ‘ಆನಂದ’ ಕಾವ್ಯನಾಮದ ಸೀತಾರಾಮರ (1902–1963) ‘ನಾನು ಕೊಂದ ಹುಡುಗಿ’ ಆ ಹಾದಿಯ ಪ್ರಸಿದ್ಧ ಕಥೆಗಳಲ್ಲೊಂದು. ಅದು ನಮ್ಮ ಸಾಹಿತ್ಯದ ಭಾಗ್ಯವೇ ಸರಿ. ಆದರೆ ಅದರ ಒಂದು ಪರಿಣಾಮವಾಗಿ ಅದ್ಭುತ ಕಥೆ ಎಂದರೆ ಮಕ್ಕಳಿಗೆ ಮಾತ್ರ ಸಲ್ಲುವುದು ಎಂಬ ಭಾವನೆಯೂ ಬಲವಾಯಿತು.

3

ಇನ್ನು ಗ್ರಂಥಾಲಯದ ವರ್ಗೀಕರಣದ ವಿಚಾರ. ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ಪದ್ಧತಿಯಲ್ಲಿ ಸಾಹಿತ್ಯವನ್ನು ಮೊದಲು ಭಾಷೆಯಿಂದಲೂ ಅನಂತರ ರೂಪದಿಂದಲೂ ವಿಂಗಡಿಸುತ್ತಾರೆ. ಕನ್ನಡ ಸಾಹಿತ್ಯಕ್ಕೆ ಅಲ್ಲಿರುವ ಸಂಖ್ಯೆ 894.814. ಅದರ ಮುಂದೆ 1 ಸೇರಿದರೆ ಕಾವ್ಯ, 2 ಸೇರಿದರೆ ನಾಟಕ, 3 ಸೇರಿದರೆ ಕಥೆ ಕಾದಂಬರಿ. ಜಾನಪದ ಕಥೆಗಳು ಸಾಹಿತ್ಯವರ್ಗದಲ್ಲಿಯೇ ಇರುವುದಿಲ್ಲ. ಅವು ಸಮಾಜಶಾಸ್ತ್ರಗಳ ಪಕ್ಕದಲ್ಲಿ 398.2ರಲ್ಲಿ ಇರುತ್ತವೆ. ರಾಮಾಯಣ, ಮಹಾಭಾರತ, ಪುರಾಣಗಳು ಧರ್ಮವಿಭಾಗಕ್ಕೆ ಸೇರಿ 294.592ರಲ್ಲಿ ಕೂಡುತ್ತವೆ. ಅನುವಾದಗಳನ್ನು ಮೂಲಭಾಷೆಯ ಸಾಹಿತ್ಯದೊಡನೆ ಇಡುವುದು ನಿಯಮವಾದುದರಿಂದ ಸಂಸ್ಕೃತದ ಕಥೆಗಳು ಕನ್ನಡದಲ್ಲಿದ್ದರೂ 891.2ಕ್ಕೆ ಹೋಗಬಹುದು. ಎಸ್. ಆರ್. ರಂಗನಾಥನ್ ಅವರು 1933ರಲ್ಲಿ ಪ್ರಕಟಿಸಿದ ಕೋಲನ್ ಪದ್ಧತಿಯಲ್ಲಿಯೂ ಸಾಹಿತ್ಯದ ವಿಂಗಡಣೆ ಭಾಷೆ, ರೂಪ, ಕರ್ತೃ, ಕೃತಿ ಎಂಬ ಕ್ರಮದಲ್ಲಿಯೇ ನಡೆಯುತ್ತದೆ. ಚಿಕ್ಕ ವಾಚನಾಲಯಗಳಲ್ಲಿ ಸಂಖ್ಯೆಗಳನ್ನು ಬಳಸದೆ ಕಾವ್ಯ, ನಾಟಕ, ಕಾದಂಬರಿ, ಮಕ್ಕಳ ಪುಸ್ತಕ ಎಂದು ಚೀಟಿ ಅಂಟಿಸಿದ್ದರೂ ತತ್ತ್ವ ಅದೇ.

ಈ ಪದ್ಧತಿಗಳು ಪುಸ್ತಕದ ರೂಪವನ್ನು ಕೇಳುತ್ತವೆ, ರಸವನ್ನು ಕೇಳುವುದಿಲ್ಲ. ವಾಚಕನಾದರೋ ಕೇಳುವುದು ರಸವನ್ನೇ. ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. ಇಬ್ಬರು ಪುರುಷರ ತಲೆಗಳು ಅದಲುಬದಲಾಗಿ ಜೋಡಿಸಲ್ಪಟ್ಟು, ಅವರಲ್ಲಿ ಆ ಹೆಂಗಸಿನ ಗಂಡನು ಯಾರೆಂಬ ಪ್ರಶ್ನೆ ಏಳುವ ಬೇತಾಳ ಕಥೆಯೊಂದು ಹನ್ನೊಂದನೆಯ ಶತಮಾನದ ಸೋಮದೇವನ ‘ಕಥಾಸರಿತ್ಸಾಗರ’ದಲ್ಲಿದೆ. ಜರ್ಮನಿಯ ಥಾಮಸ್ ಮಾನ್ 1940ರಲ್ಲಿ ಇದನ್ನೇ ಒಂದು ಕಿರುಕಾದಂಬರಿಯಾಗಿ ಬರೆದನು. ಈ ಎರಡನ್ನೂ ಬಲ್ಲ ಗಿರೀಶ ಕಾರ್ನಾಡರು 1971ರಲ್ಲಿ ‘ಹಯವದನ’ ನಾಟಕವನ್ನು ರಚಿಸಿದರು. ಕಥೆ ಒಂದೇ ಮೂಲದ್ದು. ಆದರೆ ಗ್ರಂಥಾಲಯದಲ್ಲಿ ಅದು ಸಂಸ್ಕೃತದ ಸಾಲಿನಲ್ಲಿ ಒಂದು ಕಡೆ, ಜರ್ಮನ್ ಕಾದಂಬರಿಯಾಗಿ ಇನ್ನೊಂದು ಕಡೆ, ಕನ್ನಡ ನಾಟಕವಾಗಿ ಮತ್ತೊಂದು ಕಡೆ ಇರುತ್ತದೆ. ಒಂದು ಕಪಾಟಿನ ಮುಂದೆ ಮಾತ್ರ ನಿಲ್ಲುವವನಿಗೆ ಉಳಿದೆರಡು ಕಾಣುವುದಿಲ್ಲ.

4

ಅದ್ಭುತವು ಹೊರಗಿನಿಂದ ಬಂದ ರುಚಿಯೆಂದು ತಿಳಿಯುವುದಕ್ಕೆ ಈ ಮೂರು ತಾಲ್ಲೂಕುಗಳಲ್ಲಿಯಂತೂ ಅವಕಾಶವಿಲ್ಲ. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅಮೃತೇಶ್ವರ ದಂಡನಾಯಕನು ಕಟ್ಟಿಸಿದ ದೇವಾಲಯವಿದೆ. ಅದರ ಹೊರಮಂಟಪದ ಗೋಡೆಯ ಮೇಲೆ 140 ಕಥಾಫಲಕಗಳಿವೆ. ದಕ್ಷಿಣದ ಕಡೆಯ 70 ಫಲಕಗಳಲ್ಲಿ ರಾಮಾಯಣ. ಉತ್ತರದ ಕಡೆ 25ರಲ್ಲಿ ಕೃಷ್ಣನ ಕಥೆ, 45ರಲ್ಲಿ ಮಹಾಭಾರತ. ಉತ್ತರದ ಕಥೆಗಳು ವಾಡಿಕೆಯಂತೆ ಪ್ರದಕ್ಷಿಣವಾಗಿ ಸಾಗುತ್ತವೆ. ರಾಮಾಯಣವು ಮಾತ್ರ ಅಪ್ರದಕ್ಷಿಣವಾಗಿ ಸಾಗುತ್ತದೆ. ಇದನ್ನು ತಿಳಿಯದವನಿಗೆ ಕಥೆಯು ತಲೆಕೆಳಗಾಗಿ ಕಾಣುವುದು. ತಿಳಿದವನಿಗೆ ಗೋಡೆಯೇ ಗ್ರಂಥವಾಗುವುದು. ಗ್ರಂಥಾಲಯದ ವಾಚಕನ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ.

ಅದೇ ದೇವಾಲಯದ 1197ರ ಶಾಸನವನ್ನು ರಚಿಸಿದವನು ಕವಿ ಜನ್ನ. ಅವನು 1209ರಲ್ಲಿ ಬರೆದ ‘ಯಶೋಧರಚರಿತೆ’ಯಲ್ಲಿ ಬಲಿಗಾಗಿ ಹಿಟ್ಟಿನಿಂದ ಮಾಡಿದ ಕೋಳಿಯು ಕೂಗುತ್ತದೆ, ಆ ಸಂಕಲ್ಪಹಿಂಸೆಯ ಫಲವಾಗಿ ತಾಯಿಯೂ ಮಗನೂ ನವಿಲು, ನಾಯಿ, ಹಾವು, ಮೀನು, ಆಡು ಮೊದಲಾದ ಜನ್ಮಗಳಲ್ಲಿ ತೊಳಲುತ್ತಾರೆ. ಇನ್ನು ಕಡೂರು ತಾಲ್ಲೂಕಿನ ದೇವನೂರು ‘ಜೈಮಿನಿ ಭಾರತ’ದ ಕರ್ತೃವಾದ ಲಕ್ಷ್ಮೀಶನ ಊರೆಂದು ಪ್ರಸಿದ್ಧವಾಗಿದೆ. ಅಶ್ವಮೇಧದ ಕುದುರೆಯ ಹಿಂದೆ ನಡೆಯುವ ಆ ಕಾವ್ಯದ 34 ಸಂಧಿಗಳಲ್ಲಿ ಕುದಿಯುವ ಎಣ್ಣೆಯಿಂದ ಬದುಕಿ ಬರುವ ಸುಧನ್ವನಿದ್ದಾನೆ. ಹೆಂಗಸರೇ ಆಳುವ ಪ್ರಮೀಳೆಯ ರಾಜ್ಯವಿದೆ. ಸತ್ತ ಅರ್ಜುನನನ್ನು ಬದುಕಿಸಲು ನಾಗಲೋಕದಿಂದ ಬರಬೇಕಾದ ಮಣಿಯಿದೆ. ಒಂದು ಅಕ್ಷರದ ತಿದ್ದುವಿಕೆಯಿಂದ ವಿಷಕ್ಕೆ ಬದಲಾಗಿ ‘ವಿಷಯೆ’ ಎಂಬ ವಧು ದೊರೆಯುವ ಚಂದ್ರಹಾಸನ ಕಥೆಯಿದೆ. ದಪ್ಪನೆಯ ಮಾಯಾಕಥೆಯನ್ನು ಕೇಳಿದ ಆ ಬಾಲೆಗೆ, ಪಕ್ಕದ ಊರಿನ ಕವಿಯ ಈ ಪುಸ್ತಕವನ್ನು ಯಾರೂ ತೆಗೆದುಕೊಡಲಿಲ್ಲವೆಂಬುದು ಚಿಂತಿಸತಕ್ಕ ವಿಷಯ.

5

ಹಾಗಾದರೆ ವಾಚಕನು ಯಾವ ಯಾವ ಸಾಲುಗಳನ್ನು ನೋಡಬೇಕು? ಮುಖ್ಯವಾದ ಐದನ್ನು ಇಲ್ಲಿ ಸೂಚಿಸಬಹುದು.

ಮೊದಲನೆಯದು ಹಳೆಯ ಕಥೆಗಳ ಸಾಲು. 1031ರಲ್ಲಿ ದುರ್ಗಸಿಂಹನು ರಚಿಸಿದ ‘ಪಂಚತಂತ್ರ’, ಬಾಣನ ಕೃತಿಯನ್ನು ಅನುಸರಿಸಿ ನಾಗವರ್ಮನು ಬರೆದ ‘ಕರ್ಣಾಟಕ ಕಾದಂಬರಿ’, ಬತ್ತೀಸ ಪುತ್ಥಳಿ ಕಥೆ, ಬೇತಾಳ ಪಂಚವಿಂಶತಿ ಕಥೆ ಇವು ಈ ವರ್ಗಕ್ಕೆ ಸೇರುತ್ತವೆ. ಹಳಗನ್ನಡವನ್ನು ಓದಲಾರದವರು ಗದ್ಯಾನುವಾದವಿರುವ ಆವೃತ್ತಿಯನ್ನೇ ಕೇಳಿ ಪಡೆಯಬೇಕು. ಈ ಜಿಲ್ಲೆಯ ಅಂಬಳೆಯ ಹೆಸರನ್ನು ಹೊತ್ತ ಎ. ಆರ್. ಕೃಷ್ಣಶಾಸ್ತ್ರಿಗಳು (1890–1968) ‘ಕಥಾಸರಿತ್ಸಾಗರ’ವನ್ನು ತಿಳಿಗನ್ನಡದ ಗದ್ಯದಲ್ಲಿ ‘ಕಥಾಮೃತ’ವಾಗಿ ಇಳಿಸಿದ್ದಾರೆ. ಪ್ರಾರಂಭಿಸುವವರಿಗೆ ಇದಕ್ಕಿಂತ ಉತ್ತಮವಾದ ಬಾಗಿಲು ಅಪರೂಪ.

ಎರಡನೆಯದು ಜಾನಪದದ ಸಾಲು, ಎಂದರೆ 398.2. ವಾಚಕರು ಅತ್ಯಂತ ಹೆಚ್ಚಾಗಿ ಮರೆಯುವ ಸ್ಥಳವಿದು. ‘ಸಂಶೋಧನೆ’ ಎಂಬ ಚೀಟಿಯನ್ನು ಕಂಡು ಹಿಂದೆ ಸರಿಯುವರು. ಎ. ಕೆ. ರಾಮಾನುಜನ್ ಅವರು ಕನ್ನಡ ನಾಡಿನಲ್ಲಿ ಸಂಗ್ರಹಿಸಿದ 77 ಕಥೆಗಳು ಅವರ ಮರಣಾನಂತರ 1997ರಲ್ಲಿ ‘ಎ ಫ್ಲವರಿಂಗ್ ಟ್ರೀ’ ಎಂಬ ಇಂಗ್ಲಿಷ್ ಗ್ರಂಥವಾಗಿ ಬಂದುವು.

ಮೂರನೆಯದು ನಾಟಕ. ಕಾರ್ನಾಡರ ‘ನಾಗಮಂಡಲ’ (1988) ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳ ಮೇಲೆ ನಿಂತಿದೆ. ಚಂದ್ರಶೇಖರ ಕಂಬಾರರ ‘ಸಿರಿಸಂಪಿಗೆ’ಯನ್ನೂ ಇಲ್ಲಿಯೇ ಹುಡುಕಬೇಕು. ಕಂಬಾರರನ್ನು ಮೆಚ್ಚಿದವರು ಅಲ್ಲಿಗೇ ನಿಲ್ಲದೆ ಕಾವ್ಯದ ಸಾಲಿನಲ್ಲಿ ‘ಚಕೋರಿ’ಯನ್ನೂ ಕಾದಂಬರಿಯ ಸಾಲಿನಲ್ಲಿ ‘ಶಿಖರಸೂರ್ಯ’ವನ್ನೂ ನೋಡತಕ್ಕದ್ದು. ಕಪಾಟನ್ನು ಬಿಟ್ಟು ಕರ್ತೃವನ್ನು ಹಿಂಬಾಲಿಸುವ ಕ್ರಮಕ್ಕೆ ಇದು ಒಳ್ಳೆಯ ನಿದರ್ಶನ.

ನಾಲ್ಕನೆಯದು ಮಕ್ಕಳ ಸಾಲು. ದೊಡ್ಡವರು ಇಲ್ಲಿಗೆ ಬರಲು ಸಂಕೋಚಪಡಬೇಕಾಗಿಲ್ಲ. ಆಗಿನ ಕಡೂರು ಜಿಲ್ಲೆಗೆ ಸೇರಿದ್ದ ಕೊಪ್ಪದ ಹಿರೇಕೊಡಿಗೆಯಲ್ಲಿ 1904ರಲ್ಲಿ ಜನಿಸಿದ ಕುವೆಂಪು ಅವರು ಬ್ರೌನಿಂಗ್ ಕವಿಯ ಕಥನವನ್ನು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಾಗಿ ನಮ್ಮ ಮಣ್ಣಿಗೆ ತಂದರು. ಲೂಯಿ ಕ್ಯಾರಲ್ಲನ ಆಲಿಸ್ ಎಂಬ ಹುಡುಗಿ ನಾ. ಕಸ್ತೂರಿಯವರ ಕೈಯಲ್ಲಿ ‘ಪಾತಾಳದಲ್ಲಿ ಪಾಪಚ್ಚಿ’ಯಾದಳು. ಅನುಪಮಾ ನಿರಂಜನರ ‘ದಿನಕ್ಕೊಂದು ಕಥೆ’ ತಿಂಗಳಿಗೊಂದರಂತೆ 12 ಸಂಪುಟಗಳಲ್ಲಿದೆ. 1947ರಲ್ಲಿ ತೆಲುಗು, ತಮಿಳುಗಳಲ್ಲಿ ಆರಂಭವಾಗಿ ಅನಂತರ ಕನ್ನಡಕ್ಕೂ ಬಂದ ‘ಚಂದಮಾಮ’ದ ಮುದ್ರಣ ನಿಂತು ವರ್ಷಗಳಾದುವು. ಹಳೆಯ ಸಂಚಿಕೆಗಳ ಕಟ್ಟು ಎಲ್ಲಿಯಾದರೂ ಉಳಿದಿದ್ದರೆ ಅದು ಕಾಪಾಡತಕ್ಕ ವಸ್ತು.

ಐದನೆಯದು ಕಾದಂಬರಿಗಳ ಸಾಲಿನೊಳಗೆ ಅಡಗಿರುವ, ಅದ್ಭುತದ ನೆರೆಹೊರೆಯ ಕೃತಿಗಳು. ಇದೇ ಜಿಲ್ಲೆಯ ಮೂಡಿಗೆರೆಯಲ್ಲಿ ನೆಲಸಿದ್ದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ದಲ್ಲಿ (1980) ಮಾಯೆಯಿಲ್ಲ, ಮಂತ್ರವಿಲ್ಲ. ಆದರೂ ಹಾರುವ ಓತಿಯ ಅನ್ವೇಷಣೆಯಿಂದ ಹುಟ್ಟುವ ವಿಸ್ಮಯವು ಅಪ್ಪಟವಾದುದು. ಮಾಂತ್ರಿಕ ಕಥೆಯಿಂದ ಆರಂಭಿಸಿದವರನ್ನು ಮುಂದಿನ ಓದಿಗೆ ಕರೆದೊಯ್ಯುವ ಸೇತುವೆ ಇಂಥ ಪುಸ್ತಕ.

6

ದೊರೆತುದೆಲ್ಲವೂ ಒಳ್ಳೆಯದಲ್ಲ. ಅದ್ಭುತ ಕಥೆಯಲ್ಲಿ ಏನು ಬೇಕಾದರೂ ನಡೆಯಬಹುದೆಂದು ತಿಳಿದು ಬರೆದವರೂ ಉಂಟು. ಏನು ಬೇಕಾದರೂ ನಡೆಯಬಹುದಾದ ಕಥೆಯಲ್ಲಿ ಯಾವುದು ನಡೆದರೂ ಓದುಗನಿಗೆ ಚಿಂತೆಯಿಲ್ಲ. ಆದುದರಿಂದ ಪರೀಕ್ಷೆಗೆ ಒಂದು ಸೂತ್ರವನ್ನು ಹೇಳಬಹುದು: ಒಳ್ಳೆಯ ಅದ್ಭುತ ಕಥೆಯಲ್ಲಿ ಮಾಯೆಗೂ ಒಂದು ಕಟ್ಟಳೆ ಇರುತ್ತದೆ, ಆ ಕಟ್ಟಳೆಯನ್ನು ಮೀರಿದರೆ ತೆರಬೇಕಾದ ಬೆಲೆಯೂ ಇರುತ್ತದೆ.

ರಾಮಾನುಜನ್ ಅವರ ಗ್ರಂಥಕ್ಕೆ ಹೆಸರು ಕೊಟ್ಟ ಹೂವಿನ ಗಿಡದ ಕಥೆಯನ್ನು ನೋಡಿ. ಬಡ ಮನೆಯ ಹುಡುಗಿಯೊಬ್ಬಳು ಒಂದು ಕೊಡ ನೀರಿನಿಂದ ಹೂಗಿಡವಾಗುತ್ತಾಳೆ. ಮತ್ತೊಂದು ಕೊಡ ನೀರಿನಿಂದ ಮನುಷ್ಯಳಾಗುತ್ತಾಳೆ. ಹೂಗಳನ್ನು ನೋಯದಂತೆ ಬಿಡಿಸಬೇಕು; ರೆಂಬೆಯನ್ನು ಮುರಿಯಕೂಡದು. ಕಟ್ಟಳೆ ಇಷ್ಟೇ. ಅವಳ ನಾದಿನಿಯೂ ಗೆಳತಿಯರೂ ಆಟದ ಅವಸರದಲ್ಲಿ ಅದನ್ನು ಮೀರಿದಾಗ ಅವಳು ಅತ್ತ ಗಿಡವೂ ಆಗದೆ ಇತ್ತ ಹೆಣ್ಣೂ ಆಗದೆ, ಕೈಕಾಲಿಲ್ಲದ ಅರೆಜೀವವಾಗಿ ಉಳಿಯುತ್ತಾಳೆ. ಓದುಗನ ಎದೆ ನಡುಗುವುದು ಮಾಯೆಯಿಂದಲ್ಲ, ಕಟ್ಟಳೆ ಮುರಿದುದರಿಂದ. ಹೆಣ್ಣಿನ ದೇಹವನ್ನೂ ಗಿಡವನ್ನೂ ಹೇಗೆ ಮುಟ್ಟಬೇಕೆಂಬ ವಿವೇಕವನ್ನು ಉಪದೇಶದ ಒಂದು ಮಾತೂ ಇಲ್ಲದೆ ಈ ಕಥೆ ಕಲಿಸುತ್ತದೆ. ‘ಹಯವದನ’ದಲ್ಲಿ ತಲೆಯಿದ್ದವನೇ ಗಂಡನೆಂಬ ತೀರ್ಪು, ‘ಯಶೋಧರಚರಿತೆ’ಯಲ್ಲಿ ಹಿಂಸೆಯ ಸಂಕಲ್ಪಕ್ಕೂ ಫಲವುಂಟೆಂಬ ನಿಯಮ, ಇವೂ ಇಂಥ ಕಟ್ಟಳೆಗಳೇ.

ಹೊಸ ಪುಸ್ತಕವೊಂದು ಕೈಗೆ ಬಂದಾಗ ಮೊದಲ ಇಪ್ಪತ್ತು ಪುಟಗಳನ್ನು ಗ್ರಂಥಾಲಯದಲ್ಲಿಯೇ ಕುಳಿತು ಓದಿ, ಇಲ್ಲಿ ಯಾವುದು ಸಾಧ್ಯ, ಯಾವುದು ಅಸಾಧ್ಯ ಎಂದು ತನ್ನನ್ನೇ ಕೇಳಿಕೊಳ್ಳಬೇಕು. ಉತ್ತರ ದೊರೆತರೆ ಮನೆಗೆ ಒಯ್ಯಬಹುದು.

7

ಕೊನೆಯದಾಗಿ ಪುಸ್ತಕವನ್ನು ಪಡೆಯುವ ಮಾರ್ಗ. 1965ರ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದಿಂದ ನಮ್ಮ ರಾಜ್ಯದಲ್ಲಿ ಗ್ರಂಥಾಲಯ ವ್ಯವಸ್ಥೆಗೆ ಕಾನೂನಿನ ತಳಹದಿ ದೊರೆಯಿತು. ಭೂಮಿ ಕಟ್ಟಡಗಳ ತೆರಿಗೆಯೊಡನೆ ನಾವು ತೆರುವ ಗ್ರಂಥಾಲಯ ಕರವು ಇದಕ್ಕೇ ಮೀಸಲು. ಆದುದರಿಂದ ಪುಸ್ತಕವನ್ನು ಕೇಳುವುದು ಬೇಡುವುದಲ್ಲ, ಅದು ಹಕ್ಕು. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿ, ಈಗ ಅರಿವು ಕೇಂದ್ರಗಳೆಂದು ಕರೆಯಲ್ಪಡುತ್ತವೆ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದ ಮೂಲಕ ಅಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವವು ದೊರೆಯಿತು. ಅದೇ ವರ್ಷ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಡಿಜಿಟಲ್ ಗ್ರಂಥಾಲಯವೂ ಪ್ರಾರಂಭವಾಯಿತು.

ಹಳ್ಳಿಯ ಕೇಂದ್ರದಲ್ಲಿ ಇಲ್ಲದುದನ್ನು ತಾಲ್ಲೂಕಿನ ಊರಿನಲ್ಲಿಯೂ, ಅಲ್ಲಿ ಇಲ್ಲದುದನ್ನು ಚಿಕ್ಕಮಗಳೂರಿನ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿಯೂ ವಿಚಾರಿಸಬೇಕು. ಕಡೂರಿನಿಂದ ಚಿಕ್ಕಮಗಳೂರಿಗೆ 2013ರಿಂದ ರೈಲು ಮಾರ್ಗವೂ ಉಂಟು. ಅಜ್ಜಂಪುರದವರಿಗೂ ತರೀಕೆರೆಯವರಿಗೂ ಬೀರೂರಿನ ಮೂಲಕ ಕಡೂರು ಹತ್ತಿರ. ಹೋಗುವ ಮುನ್ನ ಕರ್ತೃವಿನ ಹೆಸರು, ಕೃತಿಯ ಹೆಸರು, ಗದ್ಯಾನುವಾದ ಬೇಕೇ ಬೇಡವೇ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡರೆ ಅರ್ಧ ಕೆಲಸ ಮುಗಿದಂತೆ. ‘ಮಾಯೆಯ ಕಥೆ ಇದೆಯೇ’ ಎಂದು ಕೇಳುವುದಕ್ಕಿಂತ ‘398.2ರ ಸಾಲು ಎಲ್ಲಿದೆ’ ಅಥವಾ ‘ಜನಪದ ಕಥೆಗಳು ಎಲ್ಲಿವೆ’ ಎಂದು ಕೇಳುವುದು ಫಲಕಾರಿ.

ಗ್ರಂಥಾಲಯದವರು ಮಾಡತಕ್ಕ ಕಾರ್ಯವೂ ಒಂದಿದೆ. ಅದಕ್ಕೆ ಹೊಸ ಕಟ್ಟಡವಾಗಲಿ ಹೊಸ ಅನುದಾನವಾಗಲಿ ಬೇಕಾಗಿಲ್ಲ. ತಮ್ಮಲ್ಲಿರುವ ಅದ್ಭುತ ಕಥೆಗಳನ್ನು, ಅವು ಯಾವ ಕಪಾಟಿನಲ್ಲಿಯೇ ಇರಲಿ, ಒಂದು ಹಾಳೆಯಲ್ಲಿ ಪಟ್ಟಿಮಾಡಿ ಬಾಗಿಲ ಬಳಿ ತೂಗುಹಾಕಿದರೆ ಸಾಕು. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಪಂಚಸೂತ್ರಗಳಲ್ಲಿ ಪ್ರತಿಯೊಬ್ಬ ವಾಚಕನಿಗೂ ಅವನ ಪುಸ್ತಕ ದೊರೆಯಬೇಕು ಎಂಬುದು ಎರಡನೆಯದು. ಪ್ರತಿಯೊಂದು ಪುಸ್ತಕಕ್ಕೂ ಅದರ ವಾಚಕ ದೊರೆಯಬೇಕು ಎಂಬುದು ಮೂರನೆಯದು. ಆ ದಿನ ಆ ವಾಚನಾಲಯದಲ್ಲಿ ಈ ಎರಡು ಸೂತ್ರಗಳೂ ಒಮ್ಮೆಗೇ ಭಂಗಗೊಂಡುವು. ಬಾಲೆಗೆ ಪುಸ್ತಕ ದೊರೆಯಲಿಲ್ಲ. ಲಕ್ಷ್ಮೀಶನಿಗೆ ವಾಚಕಿ ದೊರೆಯಲಿಲ್ಲ.

ಅವಳ ಹಿಂದೆಯೇ ಎದ್ದುಹೋಗಿ ಆ ಬೀರುವನ್ನು ತೋರಿಸಬಹುದಾಗಿತ್ತು. ನಾವು ಹಾಗೆ ಮಾಡಲಿಲ್ಲ. ಬಾಗಿಲ ಹೊರಗೆ ನೋಡುವಷ್ಟರಲ್ಲಿ ಅವಳು ಬಸ್ಸು ಹತ್ತಿಯಾಗಿತ್ತು. ಅವಳಿಗೆ ಅಂದು ಕೊಡಬೇಕಾಗಿದ್ದ ಪಟ್ಟಿಯನ್ನೇ ಇಲ್ಲಿ ಬರೆದಿದ್ದೇವೆ. ಅವಳಂತೆ ಕೇಳಿಕೊಂಡು ಬರುವ ಇನ್ನೊಬ್ಬರ ಕೈಗಾದರೂ ಇದು ಸೇರಲಿ ಎಂಬುದು ನಮ್ಮ ಆಶಯ.